ಧಾತು ಅಂದರೆ ತಪ್ಪೇನು?

ನಮ್ಮ ಕನ್ನಡ ಸಂಘದ ಸಮಿತಿ ತಪ್ಪು ಮಾಡಿದೆ. ಒಬ್ಬ ಕನ್ನಡತಿ ಕನ್ನಡದಲ್ಲಿ ಕೊಡಬೇಕಿದ್ದ ಉಪನ್ಯಾಸವನ್ನು ಇಂಗ್ಲಿಷಿಗೆ ತಳ್ಳಿದೆ. ಆಕೆ ಇಲ್ಲಿ ಅಮೆರಿಕದ ಒಂದು ಪ್ರಯೋಗಾಲಯದ ವಿಜ್ಞಾನಿ. ಪರಮಾಣುವಿಗೆ ಪರಮಾಣುವನ್ನು ಮಹಾವೇಗದಲ್ಲಿ ಗುದ್ದಿಸಿ, ಅಪರೂಪಕ್ಕೆ ಎರಡೂ ಅಂಟಿಕೊಂಡಾಗ ಪ್ರಕೃತಿಯಲ್ಲಿ ಇಲ್ಲದ ಅತಿಭಾರದ ಧಾತುವನ್ನು, ಅಂದರೆ ಮೂಲವಸ್ತುವನ್ನು, ಹುಟ್ಟಿಸುವ ತಂಡದಲ್ಲಿದ್ದಾರೆ. ನಾನು ಕೆಲಸ ಮಾಡುವ ಸನ್ನಿವೇಲ್ ಊರಿನ ಇಂಡಿಯನ್ ಗ್ರೋಸರಿಯ ಬಾಗಿಲಿಗೆ 'ಅತಿಭಾರದ ಹೊಸ ಧಾತು' ಅನ್ನುವ ಉಪನ್ಯಾಸದ ಪೋಸ್ಟರು ಅಂಟಿಸಿದ್ದೇ ತಡ, ನಗುವೂ ಸಿಟ್ಟೂ ಒಟ್ಟಿಗೇ ಶುರುವಾದವು.

ಬಳೆ

ತೊಗರಿಬೇಳೆಗೆ ಬಂದಿದ್ದ ಒಬ್ಬಾಕೆ ಪೋಸ್ಟರು ಓದಿದರು. ವಿಜ್ಞಾನಿ ಅಲ್ಲೇ ಕೊತ್ತಂಬರಿ ಆರಿಸುತ್ತಿದ್ದರು.

"ಅತಿಭಾರ ಅಂದ್ರೆ ಚಿನ್ನಕ್ಕಿಂತ ಭಾರನಾ? ಬಳೆ ಮಾಡಿಸಬಹುದಾ?"

"ಕಣ್ಣು ಮಿಟುಕಿಸೋದ್ರಲ್ಲಿ ಒಡೆದು ಬೇರೆ ಧಾತು ಆಗಿಬಿಡುತ್ತೆ ಮೇಡಂ."

"ಹಾಗಾದ್ರೆ ನಮ್ಮನೆಯವರು ಕೊಡಿಸ್ತೀನಿ ಅಂದಿದ್ದ ಬಳೆ ಇದೇ ಇರಬೇಕು. ಅಂಗಡಿ ತಲುಪೋ ಹೊತ್ತಿಗೆ ಮಿಕ್ಸಿ ಆಗಿತ್ತು!"

ಅಧ್ಯಕ್ಷರು

ದೋಸೆ ಹಿಟ್ಟಿಗೆ ಬಂದ ಸಂಘದ ಅಧ್ಯಕ್ಷರು ನನ್ನನ್ನು ಕೇಳಿದರು: "ಕ್ಷಣವೂ ಬದುಕದ ವಸ್ತುವಿಗೆ ಗಂಟೆಗಟ್ಟಲೆ ಉಪನ್ಯಾಸ ಯಾಕ್ರೀ?"

"ನಿಮ್ಮ ಸ್ವಾಗತ ಭಾಷಣವೂ ಗಂಟೆಗಟ್ಟಲೆ ಇರುತ್ತಲ್ಲ ಸರ್, ಅದರಲ್ಲಿ ವಸ್ತುವೇ ಇರಲ್ಲ" ಅಂದೆ.

ಅವರು ಹಿಟ್ಟನ್ನು ಕೌಂಟರಿನ ಮೇಲೇ ಬಿಟ್ಟು ಹೋದರು.

ಊಟಕ್ಕೆ ಮೊದಲೋ, ಆಮೇಲೋ

ನಮ್ಮೂರ ಕಡೆಯ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ 'ಧಾತು' ಅಂತ ಬರೆದಿದ್ದರೆ ಅದು ಗಂಡಸರ ಯಾವ ಔಷಧಿ ಅಂತ ನಿಮಗೂ ಗೊತ್ತು. ಮಗಳ ಮನೆಗೆ ಹುಬ್ಬಳ್ಳಿಯಿಂದ ಬಂದಿರುವ ಅಜ್ಜನಿಗೂ ಗೊತ್ತಿತ್ತು. ಪೋಸ್ಟರು ಓದಿದವರೇ ಅಂಗಡಿಯಲ್ಲಿದ್ದ ವಿಜ್ಞಾನಿಯ ಹತ್ತಿರ ಹೋಗಿ ಪಿಸುಗುಟ್ಟಿದರು: "ತಂಗೀ, ನಿನ್ನ ಹೊಸಾ ಧಾತು ಊಟಕ್ಕ ಮೊದಲ ತಗೋಬೇಕೋ, ಆಮ್ಯಾಲೋ? ನನಗಲ್ಲ, ನಮ್ಮ ಅಳಿಯಗ."

ಆಕೆ ನಕ್ಕು ನಕ್ಕು, ಅಜ್ಜನನ್ನು ಅಕ್ಕಿ ಮೂಟೆಯ ಮೇಲೆ ಕೂರಿಸಿ, ಎಲ್ಲವನ್ನೂ ಕನ್ನಡದಲ್ಲೇ ಬಿಡಿಸಿ ಹೇಳಿದರು.

ಅಜ್ಜ ಗಂಭೀರವಾದರು. "ಇಷ್ಟ ಲಗೂ ಸಾಯೋದನ್ನ ಯಾಕ ಹುಟ್ಟಸ್ತೀಯವಾ?"

"ಪರಮಾಣು ಎಷ್ಟು ಭಾರದವರೆಗೆ ಒಡೆಯದೆ ತಡೆಯುತ್ತೆ ಅಂತ ನೋಡೋಕೆ ಅಜ್ಜಾ. ಮುಂದೆಲ್ಲೋ ಹೆಚ್ಚು ಹೊತ್ತು ಬಾಳೋದು ಸಿಗಬಹುದು ಅನ್ನೋ ಆಸೆ."

"ಹಂಗಾರ ನಾ ಬರತೀನಿ. ಪೂರಾ ಕೇಳಬೇಕು."

ಬಿಟ್ಟುಹೋದ ಹಿಟ್ಟಿಗಾಗಿ ಮರಳಿ ಬಂದ ಅಧ್ಯಕ್ಷರಿಗೆ ವಿಷಯ ತಿಳಿದು ಮುಖ ಕೆಂಪಾಯಿತು. "ಮಾನ ಹೋಯ್ತು! ಆ ಪದ ಬೇಡ, ಇಂಗ್ಲಿಷಲ್ಲೇ ಮಾಡಿ."

ಅಜ್ಜ ಅಧ್ಯಕ್ಷರನ್ನು ಮೇಲಿಂದ ಕೆಳಗೆ ನೋಡಿದರು. "ಯಾಕ್ರೀ ಸಾಹೇಬ್ರ, ಸಿಟ್ಟ್ಯಾಕ? ನಿಮಗೂ ಬೇಕಾಗಿತ್ತೇನು?"

ಆಮೇಲೆ ಸಮಿತಿಯೂ ಅಧ್ಯಕ್ಷರ ಮಾತಿಗೆ ಹೂಂ ಅಂದಿತು. ಅಜ್ಜನಿಗೆ ಇಂಗ್ಲಿಷ್ ಬರುವುದಿಲ್ಲ. ಶನಿವಾರ ಉಪನ್ಯಾಸಕ್ಕೆ ಬನ್ನಿ. ಮಾತು ಇಂಗ್ಲಿಷಿನಲ್ಲಿ ಶುರುವಾದರೆ ಸುಮ್ಮನೆ ಕೂರಬೇಡಿ. ಎದ್ದು ನಿಂತು ಜೋರಾಗಿ ಕೂಗಿ: "ಧಾತು ಅನ್ನಿ!"