ಅಮರೇಶನ ಸ್ನೇಹಿತರ ಆಪರೇಷನ್

ಎಂಟು ತಿಂಗಳ ಮಗ ಉಚ್ಚೆ ಹೊಯ್ಯುವಾಗಲೆಲ್ಲ ಕಿರುಚುತ್ತಿದ್ದ. ಬೀದಿ ಕೊನೆಯ ಡಾಕ್ಟರು ಬೆಳಿಗ್ಗೆ ನೋಡಿ, "ಮುಂದೊಗಲು ಬಿಗಿಯಾಗಿದೆ. ಸುನ್ನತಿ ಮಾಡಿಸಬೇಕಾಗಬಹುದು. ಸಂಜೆ ಮಕ್ಕಳ ಸರ್ಜನ್‌ಗೆ ತೋರಿಸಿ" ಎಂದರು. ಆ ಪದ ಕೇಳಿಯೇ ಅಮರೇಶ ಬೆವೆತುಹೋದ. ಮಠಕ್ಕೆ ನಡೆದುಕೊಳ್ಳುವ ಮನೆತನ. ಸಾಲದ್ದಕ್ಕೆ ನಜರ್‌ಬಾದಿನ ಅವನ ವಠಾರದಲ್ಲಿ ಗೋಡೆಗಳಿಗಿಂತ ಕಿವಿಗಳೇ ಹೆಚ್ಚು.

"ಇಷ್ಟು ಎಳೇ ಕೂಸಿಗೆ ಕತ್ತರಿ ಹಾಕ್ತಾರೇನ್ರೀ? ಏನಾದ್ರೂ ಆಗ್ಬುಟ್ರೆ?" ಹೆಂಡತಿ ಬಿಂದುಶ್ರೀ ಕಣ್ಣು ತುಂಬಿಕೊಂಡಳು. "ತಿಳಿದೋರನ್ನ ಒಂದು ಮಾತು ಕೇಳಿ."

ತಿಳಿದವರೆಂದರೆ ಹೆಬ್ಬಾಳದ ಕಾರ್ಖಾನೆಯಲ್ಲಿ ಜೊತೆಗೆ ದುಡಿಯುವ ಅಫ್ಸರ್ ಪಾಷಾ. ಮೂವರು ಮೊಮ್ಮಕ್ಕಳಿಗೆ ಮಾಡಿಸಿದವರು. ಕೇಳುವುದು ಹೇಗೆ? ಮೂರು ಸಲ ಹತ್ತಿರ ಹೋಗಿ, ಬಿಸಿಲಿನ ಮಾತಾಡಿ ವಾಪಸಾದ. ಕೊನೆಗೆ ಗದ್ದಲವೇ ಮಾನ ಕಾಯಲಿ ಎಂದು ಪ್ರೆಸ್ ಮಿಷನ್ನಿನ ಪಕ್ಕ ನಿಂತು ಕೂಗಿದ: "ಪಾಷಾಬಾಯ್, ಸುನ್ನತಿ ಯಾವ ವಯಸ್ಸಲ್ಲಿ ಮಾಡ್ಸಿದ್ರೆ ಒಳ್ಳೇದು?"

'ಪಾಷಾಬಾಯ್' ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಉಳಿದದ್ದು ಇಡೀ ಶೆಡ್ಡಿಗೆ ಮಂಗಳಾರತಿಯ ಗಂಟೆಯಂತೆ ಕೇಳಿತು.

"ಯಾರಿಗೆ ಸಾರ್?"

"ಒಬ್ರು... ಸ್ನೇಹಿತರಿಗೆ."

"ವಯಸ್ಸೆಷ್ಟು?"

ಗಾಬರಿಯಲ್ಲಿ ನಾಲಗೆ ತೊಡರಿತು. "ಸುಮಾರು ನನ್ನಷ್ಟೇ."

ಪಾಷಾ ಅವನ ಭುಜ ತಟ್ಟಿದರು. "ನಾಚ್ಕೋಬೇಡಿ ಸಾರ್. ದೊಡ್ಡೋರಿಗೂ ಮಾಡ್ತಾರೆ. ಒಳ್ಳೆ ಆಸ್ಪತ್ರೇಲಿ ಮಾಡ್ಸಿ, ಅಷ್ಟೇ."

ಊಟದ ಹೊತ್ತಿಗೆ ಕ್ಯಾಂಟೀನಿನ ಕೆಂಪಯ್ಯ, "ಈ ವಯಸ್ಸಲ್ಲಿ ಆ ಆಪರೇಷನ್ ಅಂದ್ರೆ ಶುಗರ್ ಇರ್ಬೇಕು ನಿಮಗೆ" ಎನ್ನುತ್ತಾ ಪಾಯಸದ ಲೋಟ ಹಿಂದಕ್ಕೆಳೆದುಕೊಂಡ. ಮ್ಯಾನೇಜರ್ ವೆಂಕಟಸುಬ್ಬಯ್ಯ ಕೇಳದೆಯೇ ಹತ್ತು ದಿನ ರಜೆ ಕೊಟ್ಟು, ಮುಖ ನೋಡಲಾರದೆ ಫ್ಯಾನು ನೋಡಿದರು. ಶಿಫ್ಟ್ ಬಸ್ಸಿನಲ್ಲಿ ಜೊತೆಯವರು ಗರ್ಭಿಣಿಗೆ ಬಿಡುವಂತೆ ಸೀಟು ಬಿಟ್ಟುಕೊಟ್ಟರು. ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಇಂದ್ರಮ್ಮ ಎಳನೀರು ಹಿಡಿದು ನಿಂತಿದ್ದರು. ಅವರ ಅಳಿಯನೂ ಅದೇ ಶೆಡ್ಡಿನವನು. "ಧೈರ್ಯವಾಗಿರಪ್ಪ. ನಾವ್ ಯಾರಿಗೂ ಹೇಳಲ್ಲ" ಎಂದರು, ಇಡೀ ವಠಾರಕ್ಕೆ ಕೇಳುವಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಮರೇಶನಿಗೆ.

ಸಂಜೆ ಸರ್ಜನ್ ಮಗುವನ್ನು ನೋಡಿ ನಕ್ಕರು. "ಈ ವಯಸ್ಸಲ್ಲಿ ಅಂಟ್ಕೊಂಡಿರೋದೇ ಸಹಜ. ಬೆಳೀತಾ ತಾನಾಗೇ ಬಿಟ್ಕೊಳ್ಳುತ್ತೆ. ಬಲವಂತವಾಗಿ ಮಾತ್ರ ಎಳೀಬೇಡಿ. ಇದು ಡೈಪರ್ ಉರಿ ಅಷ್ಟೇ, ಮುಲಾಮು ಹಚ್ಚಿ. ಆಪರೇಷನ್ ಬೇಕಿಲ್ಲ."

ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಮನೆಗೆ ಬಂದರೆ ಬನ್ನಿಮಂಟಪದಿಂದ ಮಾವ ಸದಾಶಿವಯ್ಯನವರೇ ಓಡಿಬಂದು ಕೂತಿದ್ದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅಮರೇಶ ತಲೆತಗ್ಗಿಸಿ ನಡೆದದ್ದೆಲ್ಲ ಒಪ್ಪಿಸಿದ. "ನಂಗೂ ಅಲ್ಲ, ಕೂಸಿಗೂ ಬೇಡ್ವಂತೆ ಮಾವ. ನಾಳೇನೇ ಎಲ್ರಿಗೂ ನಿಜ ಹೇಳ್ಬುಡ್ತೀನಿ."

ಬಿಂದುಶ್ರೀ ಕಾಫಿಗೆಂದು ಒಳಗೆ ಹೋಗುವುದನ್ನೇ ಕಾದಿದ್ದ ಮಾವ ಬಾಗಿಲು ಮುಂದೆ ಮಾಡಿದರು.

"ಯಾರಿಗೂ ಹೇಳಕ್ಕೋಗ್ಬೇಡಿ ಅಳಿಯಂದ್ರೇ."

"ಯಾಕೆ ಮಾವ?"

"ನಂಗೆ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಡಾಕ್ಟ್ರು ಅದನ್ನೇ ಮಾಡಿಸ್ಕೊಳ್ಳಿ ಅಂತಿದ್ದಾರೆ. ಮಠದ ಕಮಿಟೀಲಿರೋನು, ಎಂಗೆ ಹೋಗ್ಲಿ? ಆಪರೇಷನ್ ನಿಮಗೇ ಅಂತಿರ್ಲಿ, ನಿಮ್ಮನ್ನ ನೋಡ್ಕೊಳ್ಳೋ ನೆಪದಲ್ಲಿ ಆಸ್ಪತ್ರೆಗೆ ಬಂದು ನಾನ್ ಮಲಗ್ಬುಡ್ತೀನಿ." ಸದಾಶಿವಯ್ಯನವರು ಕೈ ಮುಗಿದರು. "ನಿಮ್ಮ ಮಾನ ಎಂಗೂ ಹೋಗ್ಬುಟ್ಟದೆ. ನಂದಾದ್ರೂ ಉಳೀಲಿ."