ಕ್ಲಚ್ ಇಲ್ಲದ ಪಿಕಪ್

ಚಿಕ್ಕೋಡಿಯಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಕೆಟ್ಟ ಗಾಡಿಗಳು ನನ್ನನ್ನು ಅಷ್ಟಾಗಿ ದಣಿಸಿಲ್ಲ. ಗಾಡಿ ಜತೆ ಬರುವ ಮಾತುಗಳೇ ದಣಿಸಿವೆ. ಅಂಥವು ವಾರಕ್ಕೆ ಒಂದಾದರೂ ಬರುತ್ತವೆ. ಹೋದ ದ್ರಾಕ್ಷಿ ಹಂಗಾಮಿನಲ್ಲಿ ಮಾತ್ರ ಎಲ್ಲವೂ ಒಂದೇ ಪಿಕಪ್ಪಿನಲ್ಲಿ ಬಂದವು.

೧. ಪೆಡಲ್

ಕಾಗವಾಡದ ಕಡೆಯ ದ್ರಾಕ್ಷಿ ತೋಟದ ಕಾಕಾ ಒಬ್ಬರು ಪುಣೆಯಿಂದ ಹಳೆಯ ಪಿಕಪ್ ತಂದಿದ್ದರು. ಆಟೋಮ್ಯಾಟಿಕ್, ಗೇರು ತಾನೇ ಬದಲಾಗಬೇಕು. ಇದು ಮಾತ್ರ ದಾರಿ ನಡುವೆ ಯಾರೋ ಒದ್ದಂತೆ ಜಗ್ಗುತ್ತಿತ್ತು. ಆಮೇಲೆ ಇಂಜಿನ್ ಎಷ್ಟು ಚೀರಿದರೂ ಗಾಡಿ ಮುಂದೆ ಹೋಗುತ್ತಿರಲಿಲ್ಲ.

“ರಾಯಬಾಗದಾಗ ತೋರ್ಸೇನ್ರಿ ಮಿಸ್ತ್ರಿ. ಕ್ಲಚ್ ಪ್ಲೇಟ್ ಹೋಗ್ಯಾವು ಅಂದ್ರು.”

“ಕಾಕಾ, ಇದಕ್ಕ ಕ್ಲಚ್ ಪೆಡಲ್ಲೇ ಇಲ್ಲಲ್ರಿ.”

“ಅದನ್ನೂ ಹೇಳಿದ್ರು. ಮಾರಿದಾಂವ ಬಿಚ್ಚಿ ಇಟ್ಕೊಂಡಾನಂತ.”

೨. ಕೆಂಪು ಎಣ್ಣೆ

ಗೇರ್‌ಬಾಕ್ಸಿನ ಎಣ್ಣೆ ಕರ್ರಗಾಗಿತ್ತು. ಇಳಿಸಿದೆ, ಫಿಲ್ಟರ್ ಬದಲಿಸಿದೆ, ಹೊಸ ಎಣ್ಣೆ ಹಾಕಿದೆ. ದಿನಾ ಇಂಜಿನ್ ಚಾಲೂ ಇಟ್ಟು ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿರಿ ಎಂದೆ.

ಮೂರನೇ ದಿನ ಗಾಡಿ ಬಾನೆಟ್ಟಿಗೆ ವಿಭೂತಿ ಹಚ್ಚಿಕೊಂಡು ಬಂತು. ಆ ಹೊಸ ಎಣ್ಣೆಯ ಬಣ್ಣವೇ ಕೆಂಪು. ಕಾಕಾನ ಅಪ್ಪ ಕಡ್ಡಿ ನೋಡಿ, ಗಾಡಿ ರಕ್ತ ಕಾರಾಕತ್ತೈತಿ ಎಂದು ಹೆದರಿ, ಯಡೂರಿಗೆ ಒಯ್ದು ವೀರಭದ್ರನ ಮುಂದೆ ನಿಲ್ಲಿಸಿದ್ದರು.

“ಪೂಜಾರಿ ಏನಂದ್ರು?” ಎಂದೆ.

“ಮಂಗಳಾರತಿ ಮಾಡಿದ್ರು. ಆಮ್ಯಾಲ, ಚಿಕ್ಕೋಡಿಗೆ ಒಯ್ರಿ ಅಂದ್ರು.”

೩. ಡಾಕ್ಟರ ಮುಂದೆ

ನಾನೇ ಓಡಿಸಿ ನೋಡಿದೆ. ನಿಪ್ಪಾಣಿಗೆ ಹೋಗಿ ಬಂದೆ, ಹೆದ್ದಾರಿಯಲ್ಲಿ ಜೋರಾಗಿ ಬಿಟ್ಟೆ, ಏರಿನಲ್ಲಿ ನಿಲ್ಲಿಸಿ ಎತ್ತಿದೆ. ಬೆಣ್ಣೆಯಂತೆ ಓಡಿತು. ಕಾಕಾ ಮನೆಗೆ ಒಯ್ದ ಮರುದಿನವೇ ಮತ್ತೆ ಜಗ್ಗಿತು. ಹೀಗೆ ಮೂರು ಸಲ. ದೋಷ ಸಿಗದ ಮಿಸ್ತ್ರಿ ಎಂದು ಅಥಣಿವರೆಗೂ ನನ್ನ ಹೆಸರು ಹೋಯಿತು.

ಕಾಕಾನ ಹೆಂಡತಿಯೇ ನನಗೆ ಸಮಾಧಾನ ಹೇಳಿದರು. “ನೀವು ಮನಸಿಗೆ ಹಚ್ಕೋಬ್ಯಾಡ್ರಿ. ನಮ್ಮನಿಯವರೂ ಹಂಗಽ. ರಾತ್ರೆಲ್ಲಾ ಕೆಮ್ಮತಾರ, ಡಾಕ್ಟರ ಮುಂದ ಉಸುರು ಬಿಡಂಗಿಲ್ಲ.”

೪. ಪರದೆ

ಕೊನೆಗೆ ನಾಚಿಕೆ ಬಿಟ್ಟು ನಿಪ್ಪಾಣಿಯಿಂದ ಗಾಡಿಯ ದೋಷ ಓದುವ ಸ್ಕ್ಯಾನರ್ ಇದ್ದ ಒಬ್ಬರನ್ನು ಕರೆಸಿದೆ. ಅವತ್ತು ಪಿಕಪ್ಪಿನ ತುಂಬ ದ್ರಾಕ್ಷಿ ಕ್ರೇಟು. ಸಂಜೆಯೊಳಗೆ ಮಿರಜ ಮುಟ್ಟಬೇಕಿತ್ತು. ಅವರು ಯಂತ್ರ ಜೋಡಿಸಿ, ಓಡಿಸುತ್ತಿದ್ದ ಕಾಕಾನ ಪಕ್ಕದಲ್ಲಿ ಕೂತು, “ಕಾಹೀ ನಾಹೀ” ಎಂದರು, ಏನೂ ಇಲ್ಲವಂತೆ. ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಗಾಡಿ ಒದ್ದು ನಿಂತಿತು. ಕಾಕಾ ಇಳಿದು ಬಾಗಿಲ ಬಳಿಯಿಂದ ಸ್ಟಿಯರಿಂಗ್ ಹಿಡಿದು, ನಾನು ದಾರಿಹೋಕರಿಬ್ಬರನ್ನು ಕರೆದು ಹಿಂದಿನಿಂದ, ದೂಡತೊಡಗಿದೆವು. ಸ್ಕ್ಯಾನರಿನವರು ಒಳಗೆ ಕೂತೇ ಕಿಟಕಿಯಿಂದ ಯಂತ್ರದ ಪರದೆ ಹೊರಗೆ ಹಿಡಿದು ತೋರಿಸಿದರು.

“ಬಘಾ, ನೋಡ್ರಿ. ಈಗೂ ಏನೂ ಪ್ರಾಬ್ಲೆಮ್ ಇಲ್ಲ.”

ದೂಡುತ್ತಲೇ ನನಗೆ ಹೊಳೆಯಿತು. ನಾನು ಓಡಿಸಿದ್ದೆಲ್ಲ ಖಾಲಿ ಗಾಡಿ. ಕ್ರೇಟು ಇಳಿಸದೆ ಅಡಿಗೆ ಹೋಗಿ ಮಲಗಿದೆ. ಭಾರಕ್ಕೆ ಗಾಡಿ ಕುಸಿದಾಗ ಗೇರ್‌ಬಾಕ್ಸಿಗೆ ಹೋಗುವ ವೈರು ಅಡಿಯ ಚಾಸಿ ಚೌಕಟ್ಟಿಗೆ ಉಜ್ಜಿ, ಮೇಲಿನ ಸಿಪ್ಪೆ ಸವೆದು, ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಗೇಣುದ್ದ ಹೊಸ ವೈರು ಹಾಕಿ ದೂರ ಕಟ್ಟಿದೆ. ದ್ರಾಕ್ಷಿ ಹೊತ್ತಿಗೆ ಸರಿಯಾಗಿ ಮಿರಜ ಮುಟ್ಟಿತು. ನಾನು ಗ್ಯಾರೇಜಿಗೆ ಮರಳಿ ಗೋಣಿಚೀಲದ ಮೇಲೆ ಒಂದು ತಾಸು ಬಿದ್ದುಕೊಂಡೆ.

೫. ಬೀಗರು

ತಿಂಗಳ ಮೇಲೆ ಕಾಕಾ ಬಸ್ಸಿನಲ್ಲಿ ಬಂದಿಳಿದರು. ನಾನೇ ಎದುರು ಹೋದೆ.

“ಮತ್ತ ಜಗ್ಗಾಕತ್ತೈತೇನ್ರಿ?”

“ಇಲ್ರಿ. ಭಾಳ ಚಂದ ಓಡತೈತಿ. ಅದಽ ತ್ರಾಸ ಆಗೈತಿ.”

ಮೊದಲು ಆ ಗಾಡಿಯನ್ನು ಯಾರೂ ಮುಟ್ಟುತ್ತಿರಲಿಲ್ಲವಂತೆ. ಈಗ ಅಥಣಿಯ ಬೀಗರು ಸಿಮೆಂಟಿಗೆ ಒಯ್ದರು, ಅವರಿಂದ ಕಾಕಾನ ಅಳಿಯ ಮದುವೆಗೆ ಒಯ್ದ, ಅಳಿಯನ ಗೆಳೆಯ ಎಮ್ಮೆ ಹೇರಲು ಒಯ್ದ. ಗೇರು ಹಾಕುವ ಕೆಲಸವಿಲ್ಲವಲ್ಲ, ಓಡಿಸಲು ಬಾರದವರೂ ಒಯ್ಯುತ್ತಿದ್ದಾರೆ. ಹದಿನೈದು ದಿನದಿಂದ ಕಾಕಾ ತಮ್ಮ ಗಾಡಿಯ ಮುಖವನ್ನೇ ಕಂಡಿಲ್ಲ.

“ಮತ್ತ ನಾ ಏನ್ ಮಾಡ್ಲಿ, ಕಾಕಾ?”

ಅವರು ಸ್ಟೂಲನ್ನು ನನ್ನ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

“ನಾ ಕುಂತ್ರ ನೆಟ್ಟಗ ಓಡಬೇಕ್ರಿ. ಬೀಗರು ಕುಂತ್ರ ಮೊದಲಿನಂಗ ಒದೀಬೇಕು. ಅಂಥಾದೊಂದು ಬಟನ್ ಸೀಟಿನ ಕೆಳಗ ಕೂಡಸ್ತೀರೇನು?”