ನನ್ನ ಸುಡೊಕುವಿಗೆ ಕೈ ಹಾಕಿದವರು

ಹೊಸಪೇಟೆ ಸೀಮೆಯಲ್ಲಿ ಒಬ್ಬ ಮನುಷ್ಯನಿಗೆ ಒಂದು ಸುಡೊಕುವನ್ನು ನೆಮ್ಮದಿಯಾಗಿ ಮುಗಿಸಲು ಯಾರೂ ಬಿಡುವುದಿಲ್ಲ. ನನಗೇ ಯಾಕೆ ಹೀಗೋ ಗೊತ್ತಿಲ್ಲ, ಆದರೆ ಆಗುತ್ತಲೇ ಇರುತ್ತದೆ.

ಆಗ ಅದಿರು ಲಾರಿಗಳ ಕಾಲ. ನಾನು ಯಶವಂತನಗರದ ಗಣಿ ಕಚೇರಿಯಲ್ಲಿ ಗುಮಾಸ್ತ. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಮ್ಮ ಕಂಪನಿ ಬಸ್ಸು ನಿಂತಲ್ಲೇ ನಿಂತಿರುತ್ತಿತ್ತು. ಪತ್ರಿಕೆಯಲ್ಲಿ ಹೊಸದಾಗಿ ಸುಡೊಕು ಬರುತ್ತಿತ್ತು. ಪ್ರತಿ ಅಡ್ಡಸಾಲು, ಕಂಬಸಾಲು, ಒಂಬತ್ತು ಮನೆಗಳ ಚಿಕ್ಕ ಚೌಕದಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು. ಒಂದು ಅಂಕಿ ಹಿಡಿದುಕೊಳ್ಳಿ. ಅದು ಆಗಲೇ ಇರುವ ಸಾಲುಗಳನ್ನು ಬಿಡುತ್ತ ಹೋಗಿ. ಚೌಕದಲ್ಲಿ ಉಳಿದ ಒಂದೇ ಮನೆ ಅದರದು. ಅಂದಾಜು ಮಾತ್ರ ಕೂಡದು. ವಿದ್ಯೆ ಇಷ್ಟೇ. ಒಂದನ್ನಾದರೂ ನನ್ನ ಕೈಯಾರೆ ಪೂರ್ತಿ ಮಾಡಬೇಕು ಎನ್ನುವುದು ನನ್ನ ಆಸೆ.

ಪಕ್ಕದ ಸೀಟು

ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರು ವೇಬ್ರಿಡ್ಜಿನಲ್ಲಿ ಲಾರಿ ತೂಗುವವರು. ನಾನು ಪೆನ್ಸಿಲ್ ತೆಗೆದರೆ ಸಾಕು, ಅವರ ತಲೆ ನನ್ನ ಹೆಗಲ ಮೇಲೆ.

"ಅಲ್ಲಿ ಏಳು ಹಾಕ್ರಿ, ನೋಡೋಣ."

"ಈ ಸಾಲಿನ್ಯಾಗ ಆಗ್ಲೇ ಏಳು ಐತ್ರಿ."

"ಅದು ಆ ತುದಿಗಲ್ರಿ ಇರೂದು? ಭಾಳ ದೂರ ಐತಿ. ಹಾಕ್ರಿ."

"ಒಂದು ಸಾಲಿಗೆ ಒಂದೇ ಏಳು ಬರಬೇಕ್ರಿ. ಅದು ನಿಯಮ."

"ನಿಯಮ ಹಿಡ್ಕೊಂಡು ಕುಂತ್ರ ನಮ್ಮ ಗಣಿಯಿಂದ ಒಂದು ಲಾರೀನೂ ಹೊರಗ ಹೋಗಂಗಿಲ್ರಿ," ಎನ್ನುತ್ತ ನನ್ನ ಪೆನ್ಸಿಲ್ ಕಿತ್ತುಕೊಂಡು ತಾವೇ ಏಳು ಬರೆದರು.

ಮಾವನವರು

ಸರಿ, ಮನೆಯಲ್ಲೇ ಬಿಡಿಸೋಣ ಎಂದುಕೊಂಡೆ. ನನ್ನ ಮಾವ ಹಂಪಿಯಲ್ಲಿ ಅರ್ಚಕರು. ಹೊಸ ಲಾರಿಗಳ ಪೂಜೆ ಹೆಚ್ಚಾದ ಮೇಲೆ ನಮ್ಮ ಮನೆಯಲ್ಲೇ ಬಿಡಾರ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪತ್ರಿಕೆಯಲ್ಲಿ ಅಚ್ಚಾಗಿದ್ದ ಎಂಟುಗಳನ್ನೆಲ್ಲ ಕಪ್ಪು ಶಾಯಿಯಿಂದ ಹೊಡೆದು ಹಾಕಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಎಂಟು ಶನಿ ಅಂಕಿ, ಅಳಿಯಂದ್ರ. ಮುಂಜಾನೆ ಎದ್ದು ಅದನ್ನ ನೋಡಬಾರದು."

"ಎಂಟಿಲ್ಲದ ಇದನ್ನ ಬಿಡಿಸೂದು ಹ್ಯಾಂಗ್ರಿ, ಮಾವನವರ?"

"ಹಂಗಾರ ಬಿಡಿಸಬ್ಯಾಡ್ರಿ."

ಒಂಬತ್ತರ ಭಕ್ತರು

ಕೊನೆಗೆ ಒಂದು ದಿನ ಪತ್ರಿಕೆಯನ್ನು ಯಾರ ಕಣ್ಣಿಗೂ ಬೀಳದಂತೆ ಊಟದ ಚೀಲದಲ್ಲಿ ಅಡಗಿಸಿ ಒಯ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಬ್ಬನೇ ಕುಳಿತು ಬಿಡಿಸಿದೆ. ಕೊನೆಯ ಮನೆಯಲ್ಲಿ ಎರಡು ಬರೆದಾಗ ನನ್ನ ಕಣ್ಣು ತೇವವಾಯಿತು. ನಗಬೇಡಿ. ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಬೇಕು ಎಂದುಕೊಂಡೆ.

ಆಗಲೇ ಒಬ್ಬ ಲಾರಿ ಮಾಲೀಕರು ಒಳಗೆ ಬಂದರು. ಲಾರಿ ನಂಬರಿನ ಅಂಕಿಗಳನ್ನು ಕೂಡಿದರೆ ಒಂಬತ್ತೇ ಬರಬೇಕೆಂದು ತಿಂಗಳುಗಟ್ಟಲೆ ಕಾದವರು ಅವರು. ನನ್ನ ಸುಡೊಕುವಿನ ಒಂದು ಸಾಲು ಕೂಡಿದರು. ನಲವತ್ತೈದು. ನಾಲ್ಕೂ ಐದೂ ಒಂಬತ್ತು. ಇನ್ನೊಂದು ಸಾಲು ಕೂಡಿದರು, ಅದೂ ಒಂಬತ್ತು. ಮೇಲಿಂದ ಕೆಳಗೆ ಕೂಡಿದರೂ ಒಂಬತ್ತು. ಚಪ್ಪಲಿ ಕಳಚಿಟ್ಟು ಕೈಮುಗಿದರು.

"ಈ ಯಂತ್ರ ಯಾವ ಸ್ವಾಮ್ಗಳು ಬರದು ಕೊಟ್ಟಾರ್ರಿ?"

"ನಾನ ಬರದೀನ್ರಿ. ಇದು ಆಟ."

"ಸುಮ್ಮನಿರ್ರಿ ಸಾಹೇಬ್ರ, ಇದೆಲ್ಲ ನಿಮ್ಮಂಥವರ ಕೈಲಿ ಆಗೂದಲ್ಲ. ಪೂಜಿಗೆ ನಿಮ್ಮ ಮಾವನವರ ಹಂತೇಕ ಒಯ್ತೀನಿ," ಎಂದವರೇ ಪರ್ರನೆ ಹರಿದುಕೊಂಡು ಹೋದರು.

ಆ ವಾರವೇ ನಮ್ಮ ಬಸ್ಸು ಕೆಂಪು ಧೂಳಿನಲ್ಲಿ ಸಿಕ್ಕಿ ನಿಂತಿತು. ಕಿಟಕಿಯ ಪಕ್ಕದಲ್ಲೇ ಆ ಮಾಲೀಕರ ಲಾರಿ. ಅದರ ಗಾಜಿಗೆ ನನ್ನ ಸುಡೊಕು ಅಂಟಿತ್ತು. ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಮೇಲೊಂದು ನಿಂಬೆಹಣ್ಣು ಕಟ್ಟಿದ್ದರು. ಅಕ್ಷರ ನನ್ನದೇ. ಸಿಟ್ಟೆಲ್ಲ ಇಳಿದು ಒಂದು ಕ್ಷಣ ಹೆಮ್ಮೆಯೇ ಆಯಿತು. ಆಮೇಲೆ ಸರಿಯಾಗಿ ನೋಡಿದೆ. ಎಂಟು ಇದ್ದ ಮನೆಗಳೆಲ್ಲ ಕಪ್ಪು. ಪೂಜೆ ಮಾಡಿದ ಮಾವನವರು ತಮ್ಮ ಶಾಯಿಯನ್ನೂ ಹಚ್ಚಿ ಕಳಿಸಿದ್ದರು.

ಹೆಗಲ ಮೇಲೆ ಪರಿಚಿತ ತಲೆಯೊಂದು ಬಂತು. ವೇಬ್ರಿಡ್ಜಿನವರು ಲಾರಿಯ ಗಾಜನ್ನು ಬಹಳ ಹೊತ್ತು ನೋಡಿ ಲೊಚಗುಟ್ಟಿದರು.

"ಪಾಪ, ಯಾರೋ ಅರ್ಧಕ್ಕ ಬಿಟ್ಟಾರ. ಅಲ್ಲೆಲ್ಲ ಏಳು ಹಾಕಿದ್ರ ಮುಗೀತಿತ್ತು ನೋಡ್ರಿ."